ಶುಕ್ರವಾರದ ಚಿತ್ರ, ಸೋಮವಾರದ ಲೆಕ್ಕ

ಮಂಗಳೂರಿನ ಅಂಬೇಡ್ಕರ್ ವೃತ್ತ ಹತ್ತಿರವಾದಂತೆ ಸಿಟಿ ಬಸ್ಸಿನ ಕಂಡಕ್ಟರ್ ಇಂದಿಗೂ ‘ಜ್ಯೋತಿ, ಜ್ಯೋತಿ’ ಎಂದೇ ಕೂಗುತ್ತಾನೆ. ಇಳಿದವರ ಕಣ್ಣಿಗೆ ಬೀಳುವುದು ಚಿತ್ರಮಂದಿರವಲ್ಲ. ಜ್ಯೋತಿ ಟಾಕೀಸು ಹೋಯಿತು, ನಿಲ್ದಾಣಕ್ಕೆ ಹೆಸರು ಉಳಿಯಿತು. ಒಂದು ಪರದೆ, ಒಂದು ಚಿತ್ರ ಇದ್ದ ಆ ಕಾಲದಲ್ಲಿ ಯಾವ ಚಿತ್ರ ನೋಡಬೇಕೆಂಬ ಪ್ರಶ್ನೆಗೆ ಪೋಸ್ಟರೇ ಉತ್ತರ ಹೇಳುತ್ತಿತ್ತು. ಅದರ ಮೇಲೆ ‘2ನೇ ವಾರ’ ಎಂಬ ಚೀಟಿ ಅಂಟಿತೆಂದರೆ ಹೋಗಬಹುದು. ಅಂಟದಿದ್ದರೆ ಹೋಗಬೇಕೆಂದರೂ ಚಿತ್ರ ಇರುತ್ತಿರಲಿಲ್ಲ.

ಈಗ ಬಿಜೈಯ ಭಾರತ್ ಮಾಲ್, ಪಾಂಡೇಶ್ವರದ ಮಾಲ್, ಕೆ.ಎಸ್. ರಾವ್ ರಸ್ತೆಯ ಸಿಟಿ ಸೆಂಟರ್ ಎಂದು ಒಂದೊಂದು ಕಟ್ಟಡದಲ್ಲೂ ಹಲವು ಪರದೆಗಳು. ಕನ್ನಡ, ತುಳು, ಹಿಂದಿ, ಮಲಯಾಳಂ, ಇಂಗ್ಲಿಷ್ ಜೊತೆಗೆ ಆಗಾಗ ತಮಿಳು, ತೆಲುಗು; ಅಪರೂಪಕ್ಕೆ ಕೊಂಕಣಿ. ಇಷ್ಟು ಭಾಷೆಗಳನ್ನು ಅರ್ಥ ಮಾಡಿಕೊಳ್ಳುವ ಪ್ರೇಕ್ಷಕರು ಬೇರೆ ಊರುಗಳಲ್ಲಿ ವಿರಳ. ಇಲ್ಲಿಯ ಕಷ್ಟವೂ ಅದೇ. ಭಾಷೆ ಬಾರದು ಎಂಬ ನೆಪದಲ್ಲಿ ನಾಲ್ಕು ಚಿತ್ರಗಳನ್ನು ಬದಿಗಿಡುವ ಸೌಕರ್ಯ ಮಂಗಳೂರಿನವರಿಗಿಲ್ಲ.

ಖರ್ಚಿನ ಲೆಕ್ಕ ಸರಳ. ಅಜ್ಜಿ, ಅಪ್ಪ, ಅಮ್ಮ, ಪಿಯುಸಿ ಓದುವ ಮಗಳು, ಐದನೇ ತರಗತಿಯ ಮಗ ಇರುವ ಒಂದು ಮನೆ ಎಂದಿಟ್ಟುಕೊಳ್ಳಿ. ಟಿಕೆಟಿಗೆ 250 ರೂಪಾಯಿ ಹಿಡಿದರೆ ಐದು ಜನಕ್ಕೆ 1,250. ರಿಕ್ಷಾ, ಮಧ್ಯಂತರದ ತಿಂಡಿ ಸೇರಿದರೆ ಎರಡು ಸಾವಿರಕ್ಕೆ ಸ್ವಲ್ಪವೇ ಕಡಿಮೆ. 2025ರ ಸೆಪ್ಟೆಂಬರ್ 12ರಂದು ರಾಜ್ಯ ಸರ್ಕಾರ ತೆರಿಗೆ ಬಿಟ್ಟು 200 ರೂಪಾಯಿಯ ಮಿತಿ ಹೇರಿದಾಗ ಇಂಥ ಮನೆಗಳಿಗೆ ಸಂತೋಷವಾಯಿತು. ಅದೇ ತಿಂಗಳು ಹೈಕೋರ್ಟ್ ಆ ಆದೇಶಕ್ಕೆ ತಡೆ ನೀಡಿತು. ಅಂತೂ ಇಂಥ ಮನೆಗೆ ತಿಂಗಳಿಗೆ ಒಂದು ಚಿತ್ರ, ಹೆಚ್ಚೆಂದರೆ ಎರಡು. ಅದು ಯಾವುದು?

ಮಗಳು ಮೊದಲು ನೋಡುವುದು ಮೊಬೈಲಿನಲ್ಲಿ ಬರುವ ಅಂಕವನ್ನು. ಬೆಳಗ್ಗೆ ಬಿಡುಗಡೆಯಾದ ಚಿತ್ರಕ್ಕೆ ಮಧ್ಯಾಹ್ನದೊಳಗೆ ಹತ್ತಕ್ಕೆ ಒಂಬತ್ತೂವರೆ ಬಂದಿರುತ್ತದೆ. ಈ ಅಂಕವನ್ನು ನಂಬಬೇಕೇ? ಒಲೆಯ ಮೇಲಿನ ಕುಚ್ಚಲಕ್ಕಿ ಬೆಂದಿತೇ ಎಂದು ತಿಳಿಯಲು ಒಂದು ಅಗುಳನ್ನು ಹಿಸುಕಿ ನೋಡಿದರೆ ಸಾಕು, ಪಾತ್ರೆಯನ್ನೆಲ್ಲ ತಿನ್ನಬೇಕಾಗಿಲ್ಲ. ಈ ಪರೀಕ್ಷೆ ಸರಿಯಾಗಲು ಕಾರಣ, ಕುದಿಯುವ ನೀರು ಅಗುಳುಗಳನ್ನು ಮೇಲೆ ಕೆಳಗೆ ತಿರುಗಿಸಿ ಚೆನ್ನಾಗಿ ಬೆರೆಸಿರುತ್ತದೆ. ಒಂದು ಅಗುಳು ಉಳಿದವಕ್ಕೆ ಪ್ರತಿನಿಧಿ. ಮೊದಲ ದಿನದ ಮೊದಲ ಆಟ ನೋಡಿದವರು ಹಾಗೆ ಬೆರೆತವರಲ್ಲ. ಅವರು ನಟನ ಅಭಿಮಾನಿಗಳು, ಚಿತ್ರತಂಡದ ಗೆಳೆಯರು, ಇಲ್ಲವೇ ಎದುರು ನಟನ ಅಭಿಮಾನಿಗಳು. ಮೊದಲಿಬ್ಬರು ಹತ್ತು ಕೊಡುತ್ತಾರೆ, ಮೂರನೆಯವರು ಒಂದು ಕೊಡುತ್ತಾರೆ. ಬೆಂಕಿ ತಾಗಿದ ತಳದ ಅಗುಳನ್ನೇ ಹೆಕ್ಕಿ ಅನ್ನ ಸೀದಿದೆ ಎಂದಂತೆ.

ಸರಾಸರಿಯಲ್ಲಿ ಇನ್ನೊಂದು ಮೋಸವಿದೆ. ಹತ್ತು ಮಂದಿ ತಲಾ ಏಳು ಅಂಕ ಕೊಟ್ಟರೆ ಸರಾಸರಿ ಏಳು. ಐದು ಮಂದಿ ಹತ್ತು, ಉಳಿದ ಐದು ಮಂದಿ ನಾಲ್ಕು ಕೊಟ್ಟರೂ ಸರಾಸರಿ ಏಳೇ. ಮೊದಲನೆಯದು ಯಾರಿಗೂ ಬೇಸರ ತರದ, ಮರುದಿನ ಯಾರ ನೆನಪಿನಲ್ಲೂ ಉಳಿಯದ ಚಿತ್ರ. ಎರಡನೆಯದು ಕೆಲವರಿಗೆ ತುಂಬ ಹಿಡಿಸಿದ, ಕೆಲವರಿಗೆ ತಲೆಬುಡ ತಿಳಿಯದ ಚಿತ್ರ. ರಕ್ಷಿತ್ ಶೆಟ್ಟಿ ನಿರ್ದೇಶಿಸಿ ನಟಿಸಿದ, ಮಲ್ಪೆಯ ಕಡಲ ತಡಿಯ ‘ಉಳಿದವರು ಕಂಡಂತೆ’ ಎರಡನೆಯ ಜಾತಿಯದು. 2014ರ ಮಾರ್ಚ್ 28ರಂದು ತೆರೆಕಂಡಾಗ ಅದು ಗಳಿಕೆಯಲ್ಲಿ ಸೋತಿತು. ವರ್ಷಗಳು ಕಳೆದ ಮೇಲೆ ಅದನ್ನು ಕೊಂಡಾಡಿದವರಿಗೆ ಲೆಕ್ಕವಿಲ್ಲ. ಕೊಂಡಾಡಿದವರಲ್ಲಿ ಹೆಚ್ಚಿನವರು ಅದನ್ನು ನೋಡಿದ್ದು ಮನೆಯಲ್ಲಿ, ಚಿಕ್ಕ ಪರದೆಯಲ್ಲಿ.

ಪ್ರಶಸ್ತಿಯೂ ಪೂರ್ತಿ ದಾರಿ ತೋರಿಸುವುದಿಲ್ಲ. ಸುವೀರನ್ ನಿರ್ದೇಶನದ ‘ಬ್ಯಾರಿ’ 2011ರ ಸಾಲಿನ ರಾಷ್ಟ್ರಪ್ರಶಸ್ತಿಯಲ್ಲಿ ದೇಶದ ಅತ್ಯುತ್ತಮ ಚಿತ್ರದ ಗೌರವವನ್ನು ಮರಾಠಿಯ ‘ದೇವೂಳ್’ ಜೊತೆ ಹಂಚಿಕೊಂಡಿತು. ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ಕಥೆಯನ್ನು ಇಲ್ಲಿಯ ಮೀನುಗಾರರ ನಡುವೆ ತಂದ ಅಭಯ ಸಿಂಹರ ‘ಪಡ್ಡಾಯಿ’ ತುಳುವಿನ ಅತ್ಯುತ್ತಮ ಚಿತ್ರವೆನಿಸಿತು. ‘ಮದಿಪು’, ‘ಪಿಂಗಾರ’, ‘ಜೀಟಿಗೆ’ಗಳಿಗೂ ಆ ಗೌರವ ಬಂದಿದೆ. ಆದರೆ ಜನ ಸಾಲು ನಿಂತದ್ದು ನಗಿಸುವ ಚಿತ್ರಗಳಿಗೆ. ವಿಜಯಕುಮಾರ್ ಕೊಡಿಯಾಲ್‌ಬೈಲ್ ಅವರ ನಾಟಕದಿಂದ ಹುಟ್ಟಿದ ‘ಒರಿಯರ್ದೊರಿ ಅಸಲ್’ 2011ರಲ್ಲಿ ತುಳು ಚಿತ್ರೋದ್ಯಮವನ್ನೇ ಎಬ್ಬಿಸಿ ಕೂರಿಸಿತು. 2014ರ ‘ಚಾಲಿ ಪೋಲಿಲು’ ಐನೂರು ದಿನ ದಾಟಿತು. ನಾಟಕದ ವೇದಿಕೆಯಲ್ಲಿ ಪರಿಚಿತರಾದ ನವೀನ್ ಡಿ. ಪಡೀಲ್, ಭೋಜರಾಜ್ ವಾಮಂಜೂರು, ಅರವಿಂದ ಬೋಳಾರ್ ತೆರೆಗೆ ಬಂದರೆಂದರೆ ಅಜ್ಜಿಗೆ ಬೇರೆ ವಿಮರ್ಶೆ ಬೇಡ. ಅಜ್ಜಿಯ ಲೆಕ್ಕವೂ ತಪ್ಪಲ್ಲ. ಹತ್ತಾರು ವರ್ಷ ಕಣ್ಣಾರೆ ಕಂಡ ಕಲಾವಿದನ ಬಗ್ಗೆ ಆಕೆಗಿರುವ ಮಾಹಿತಿ ಎಷ್ಟೋ ಅಂಕಗಳಿಗಿಂತ ಗಟ್ಟಿ.

ಹಾಗಾದರೆ ನಾಲ್ಕು ದಿನ ಕಾದು, ನೋಡಿದವರನ್ನು ಕೇಳಿ ಹೋಗುವುದು ಲೇಸಲ್ಲವೇ? ಇಲ್ಲಿಯೇ ಗಂಟು ಇರುವುದು. ಬಹುಪರದೆಯ ಮಂದಿರಗಳಲ್ಲಿ ವಾರವೆಂದರೆ ಶುಕ್ರವಾರದಿಂದ ಗುರುವಾರ. ಮುಂದಿನ ಶುಕ್ರವಾರ ಯಾವ ಚಿತ್ರಕ್ಕೆ ಎಷ್ಟು ಆಟ ಎಂಬ ತೀರ್ಮಾನಕ್ಕೆ ಆಧಾರ ಮೊದಲ ಮೂರು ನಾಲ್ಕು ದಿನಗಳ ಗಳಿಕೆ. ಭಾನುವಾರ ಎಲ್ಲ ಚಿತ್ರಕ್ಕೂ ಅಷ್ಟಿಷ್ಟು ಜನ ಬರುತ್ತಾರೆ. ಸೋಮವಾರ ಎಷ್ಟು ಕುರ್ಚಿ ತುಂಬಿತು ಎಂಬುದರಲ್ಲಿ ಚಿತ್ರದ ನಾಡಿ ಸಿಗುತ್ತದೆ. ಒಳ್ಳೆಯದೆಂದು ಖಾತ್ರಿಯಾಗಲಿ ಎಂದು ಎಲ್ಲರೂ ಕಾಯುತ್ತ ಕುಳಿತರೆ ಸಣ್ಣ ಚಿತ್ರ ಸೋಮವಾರವೇ ಸೋಲುತ್ತದೆ. ಖಾತ್ರಿಯಾಗುವ ಹೊತ್ತಿಗೆ ಅದಕ್ಕೆ ಉಳಿದಿರುವುದು ಬೆಳಗಿನ ಒಂದು ಆಟ, ಇಲ್ಲವೇ ರಾತ್ರಿಯ ಕೊನೆಯ ಆಟ.

ತುಳು ಚಿತ್ರಕ್ಕೆ ಈ ಪೆಟ್ಟು ಇನ್ನೂ ಜೋರು. 2011ರ ಜನಗಣತಿಯಲ್ಲಿ ತುಳು ಮಾತೃಭಾಷೆ ಎಂದವರು 18.46 ಲಕ್ಷ. ಇವರಲ್ಲಿ ಮುಂಬಯಿ, ಬೆಂಗಳೂರು ಸೇರಿದವರು ಬಹಳ. ಬೇರೆ ರಾಜ್ಯದಲ್ಲಿ ಗೆದ್ದು ಇಲ್ಲಿಯ ಸೋಲನ್ನು ತುಂಬಿಕೊಳ್ಳುವ ದಾರಿ ತುಳು ಚಿತ್ರಕ್ಕಿಲ್ಲ. ಒಂದೇ ತಿಂಗಳು ಎರಡು ಚಿತ್ರ ಬಂದರೆ ಅವು ಒಂದನ್ನೊಂದು ತಿನ್ನುತ್ತವೆ.

ಈ ಗಂಟನ್ನು ಬಿಡಿಸಿಕೊಂಡ ಚಿತ್ರ ‘ಸು ಫ್ರಮ್ ಸೋ’. ಹೆಸರಿನ ಅರ್ಥ ಸೋಮೇಶ್ವರದ ಸುಲೋಚನಾ. ಜೆ.ಪಿ. ತೂಮಿನಾಡು ನಿರ್ದೇಶಿಸಿದರು, ರಾಜ್ ಬಿ. ಶೆಟ್ಟಿಯವರ ಸಂಸ್ಥೆ ನಿರ್ಮಿಸಿತು. 2025ರ ಜುಲೈ 25ರ ಬಿಡುಗಡೆಗೆ ಕೆಲವು ದಿನ ಮೊದಲೇ ಮಂಗಳೂರು ಸೇರಿದಂತೆ ಕೆಲವು ಊರುಗಳಲ್ಲಿ ಟಿಕೆಟ್ ಇಟ್ಟು ತೋರಿಸಿದರು. ಅಂದರೆ ಅಭಿಮಾನಿಗಳ ಬದಲು ಸಾಮಾನ್ಯ ಪ್ರೇಕ್ಷಕರ ಬಾಯಲ್ಲಿ ಮಾತು ಹುಟ್ಟಿ, ಅದು ಶುಕ್ರವಾರಕ್ಕೆ ಮುಂಚೆಯೇ ಊರು ಸುತ್ತಿತು. ದಿನದಿಂದ ದಿನಕ್ಕೆ ಆಟಗಳು ಏರಿದವು; ಗಳಿಕೆ ನೂರು ಕೋಟಿ ದಾಟಿದ ಸುದ್ದಿಯೂ ಬಂತು. ಅದು ಆಟಿ ತಿಂಗಳು ಎಂಬುದನ್ನೂ ಮರೆಯಬಾರದು. ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿರುತ್ತವೆ, ಕೋಲ ನೇಮಗಳಿಲ್ಲ, ಮದುವೆಯ ಕರೆಯೋಲೆಗಳಿಲ್ಲ. ಮಳೆಗೆ ಮನೆಯೊಳಗೆ ಕುಳಿತ ತುಳುನಾಡಿನ ಸಂಜೆಗಳು ಬಿಡುವಾಗಿದ್ದವು. ಇದೇ ಚಿತ್ರ ಡಿಸೆಂಬರಿನಲ್ಲಿ ಬಂದಿದ್ದರೆ ಬಯಲಾಟದೊಡನೆ ಸೆಣಸಬೇಕಿತ್ತು.

ಇದನ್ನೆಲ್ಲ ಕೂಡಿಸಿದರೆ ಜನ ಈಗ ಮಾಡುತ್ತಿರುವುದಕ್ಕೆ ತೀರ ವಿರುದ್ಧವಾದ ಕ್ರಮ ಸರಿ ಎನಿಸುತ್ತದೆ. ದೊಡ್ಡ ನಟನ ಚಿತ್ರಕ್ಕೆ ಶುಕ್ರವಾರವೇ ಮುಗಿಬೀಳುತ್ತಾರೆ, ಹೊಸಬರ ಚಿತ್ರಕ್ಕೆ ಕಾಯುತ್ತಾರೆ. ಆದರೆ 2022ರ ಸೆಪ್ಟೆಂಬರ್ 30ರಂದು ಬಂದ ‘ಕಾಂತಾರ’ವಾಗಲಿ, 2025ರ ಅಕ್ಟೋಬರ್ 2ರ ಅದರ ‘ಅಧ್ಯಾಯ 1’ ಆಗಲಿ ಒಂದು ವಾರದಲ್ಲಿ ಓಡಿಹೋಗುವ ಚಿತ್ರಗಳಾಗಿರಲಿಲ್ಲ. ಅಂಥವಕ್ಕೆ ಮಂಗಳವಾರದವರೆಗೆ ಕಾಯುವುದರಿಂದ ನಷ್ಟವಿಲ್ಲ. ಕಿವಿಗೆ ನಿಜವಾದ ಮಾತು ಬೀಳುತ್ತದೆ, ವಾರದ ನಡುವಿನ ಟಿಕೆಟು ಅಗ್ಗವೂ ಇರಬಹುದು. ಕಾಯಬಾರದ್ದು ಸಣ್ಣ ಚಿತ್ರಕ್ಕೆ. ಅದರಲ್ಲಿ ಹಣ ಕಳೆಯುವ ಅಪಾಯವಿದೆ, ನಿಜ. ಐವರೂ ಒಟ್ಟಿಗೆ ಹೋಗಬೇಕೆಂದು ಯಾರು ಹೇಳಿದರು? ಶನಿವಾರ ಮಗಳು ಗೆಳತಿಯೊಡನೆ ಹೋಗಿ ಬರಲಿ, ಚೆನ್ನಾಗಿದ್ದರೆ ಭಾನುವಾರ ಉಳಿದವರು.

ಹೋಗಿ ಬಂದವರನ್ನು ಕೇಳುವುದಕ್ಕೂ ಒಂದು ರೀತಿ ಇದೆ. ‘ಚೆನ್ನಾಗುಂಟಾ?’ ಎಂದರೆ ಹೌದೆನ್ನುತ್ತಾರೆ. ತಾವು ಕೊಟ್ಟ ಹಣ ದಂಡವೆಂದು ಯಾರೂ ಒಪ್ಪುವುದಿಲ್ಲ. ‘ಇಂಟರ್‌ವಲ್ ಆದ ಮೇಲೆ ಹೇಗುಂಟು ಮಾರಾಯ್ರೆ?’ ಎಂದು ಕೇಳಬೇಕು. ಟ್ರೈಲರಿನಲ್ಲಿ ತೋರಿಸುವ ನಗೆಯೆಲ್ಲ ಸಾಮಾನ್ಯವಾಗಿ ಮೊದಲರ್ಧದ್ದು. ಉತ್ತರಕ್ಕೆ ಮುಂಚೆ ಅವರು ಅರೆಕ್ಷಣ ತಡೆದರೆ ಅದೇ ಉತ್ತರ.

ಐದನೇ ತರಗತಿಯ ಹುಡುಗನಿಗಾಗಿ ಪ್ರಮಾಣಪತ್ರವನ್ನೂ ನೋಡಬೇಕು. 2023ರ ತಿದ್ದುಪಡಿಯ ನಂತರ ‘ಯು/ಎ’ ಎಂಬುದು 7, 13, 16 ವರ್ಷಗಳ ಮೂರು ಮೆಟ್ಟಿಲಾಗಿದೆ. ‘ಯು/ಎ 16+’ ಎಂದಿದ್ದರೆ ಹತ್ತು ವರ್ಷದವನನ್ನು ಕರೆದೊಯ್ಯುವ ಮುನ್ನ ಅಪ್ಪ ಅಮ್ಮ ಎರಡು ಬಾರಿ ಯೋಚಿಸಲಿ. ಪಕ್ಕದಲ್ಲೇ ಚಿತ್ರದ ಅವಧಿ ಇರುತ್ತದೆ. ರಾತ್ರಿ ಒಂಬತ್ತೂವರೆಗೆ ಶುರುವಾಗುವ ಎರಡೂಮುಕ್ಕಾಲು ಗಂಟೆಯ ಚಿತ್ರ ಬಿಡುವಾಗ ಸಿಟಿ ಬಸ್ಸಿಲ್ಲ, ರಿಕ್ಷಾಕ್ಕೆ ಒಂದೂವರೆ ಪಟ್ಟು ಬಾಡಿಗೆ.

ಗುರುವಾರ ಸಂಜೆ ಹೊಸ ವಾರದ ಆಟಗಳ ಪಟ್ಟಿ ಮೊಬೈಲಿಗೆ ಬರುತ್ತದೆ. ದೊಡ್ಡ ಚಿತ್ರಕ್ಕೆ ಹನ್ನೊಂದು ಆಟ, ಕಳೆದ ವಾರದ ಸಣ್ಣ ತುಳು ಚಿತ್ರಕ್ಕೆ ಒಂದೇ, ಬೆಳಗ್ಗೆ ಹತ್ತೂಕಾಲಕ್ಕೆ. ಅಪ್ಪನಿಗೆ ಆಫೀಸು, ಮಕ್ಕಳಿಗೆ ತರಗತಿ. ಅಜ್ಜಿಯೂ ಅಮ್ಮನೂ ಅಡುಗೆ ಬೇಗ ಮುಗಿಸಿದರೆ ಒಂಬತ್ತೂವರೆಯ ಬಸ್ಸು ಸಿಗುತ್ತದೆ.