ತಯಾರಿಕೆಗೆ ಮುನ್ನ ಗ್ರಾಹಕರ ಅಭಿಪ್ರಾಯ: ಸ್ವಸಹಾಯ ಸಂಘಗಳ ಮಾರುಕಟ್ಟೆ ಸಮೀಕ್ಷೆಯಲ್ಲಿ ಅಂತರಜಾಲದ ಬಳಕೆ

ಗ್ರಾಮ ಪಂಚಾಯಿತಿ ವ್ಯಾಪ್ತಿಯ ಮಹಿಳಾ ಸ್ವಸಹಾಯ ಸಂಘಗಳು ರೊಟ್ಟಿ, ಚಟ್ನಿಪುಡಿ, ಹಪ್ಪಳ, ಉಪ್ಪಿನಕಾಯಿ ಮುಂತಾದ ಪದಾರ್ಥಗಳ ತಯಾರಿಕೆಯನ್ನು ಕೈಗೊಳ್ಳುವಾಗ ಮೊದಲು ಸಾಲ, ನಂತರ ಯಂತ್ರ, ಆಮೇಲೆ ತಯಾರಿಕೆ, ಕಟ್ಟಕಡೆಗೆ ಮಾರಾಟದ ಯೋಚನೆ ಎಂಬ ಕ್ರಮವು ಹಲವೆಡೆ ರೂಢಿಯಲ್ಲಿದೆ. ಸರಕು ಉಳಿದುಹೋದರೂ ಸಾಲದ ಕಂತು ನಿಲ್ಲುವುದಿಲ್ಲ. ಆ ಹೊರೆಯು ಸದಸ್ಯೆಯರ ಉಳಿತಾಯದ ಮೇಲೆಯೇ ಬೀಳುತ್ತದೆ. ಆದುದರಿಂದ ಕೊಳ್ಳುವವರು ಯಾರು, ಎಷ್ಟು ಬೆಲೆಗೆ, ಯಾವ ಅಳತೆಯಲ್ಲಿ ಕೊಳ್ಳುವರು ಎಂಬುದನ್ನು ಬಂಡವಾಳ ಹೂಡುವ ಮೊದಲೇ ತಿಳಿಯುವುದು ಅವಶ್ಯಕ. ಈ ಕಾರ್ಯಕ್ಕೆ ಅಂತರಜಾಲವನ್ನು ಬಳಸುವ ಬಗೆಯನ್ನು ಸದಸ್ಯರ ಅವಗಾಹನೆಗಾಗಿ ಇಲ್ಲಿ ವಿವರಿಸಲಾಗಿದೆ.

1. ಪ್ರಾಥಮಿಕ ಮಾಹಿತಿ ಎಂದರೇನು?

ಬೇರೆಯವರು ಈಗಾಗಲೇ ಸಂಗ್ರಹಿಸಿಟ್ಟ ಮಾಹಿತಿಯನ್ನು ದ್ವಿತೀಯಕ ಮಾಹಿತಿ ಎನ್ನುತ್ತಾರೆ. ಕೃಷಿ ಮಾರಾಟ ವಾಹಿನಿಯಲ್ಲಿ ಪ್ರಕಟವಾಗುವ ಮಾರುಕಟ್ಟೆ ಧಾರಣೆ, ಜನಗಣತಿಯ ಅಂಕಿ-ಅಂಶ ಇವು ಅದಕ್ಕೆ ಉದಾಹರಣೆಗಳು. ಸಂಘವು ತನ್ನದೇ ಪ್ರಶ್ನೆಗೆ ಗ್ರಾಹಕರಿಂದ ನೇರವಾಗಿ ಪಡೆಯುವ ಉತ್ತರವು ಪ್ರಾಥಮಿಕ ಮಾಹಿತಿ. ಮೊದಲನೆಯದು ಖರ್ಚಿಲ್ಲದೆ ದೊರೆಯುವುದರಿಂದ ಅದನ್ನು ಮೊದಲು ನೋಡತಕ್ಕದ್ದು. ಜೋಳದ ಧಾರಣೆ ಅಲ್ಲಿ ತಿಳಿಯುತ್ತದೆ. ಆದರೆ ಬೆಂಗಳೂರಿನಲ್ಲಿ ನೆಲೆಸಿರುವ ಕುಟುಂಬವೊಂದು ಖಡಕ್ ರೊಟ್ಟಿಯನ್ನು 10ರ ಕಟ್ಟಿನಲ್ಲಿ ಬಯಸುತ್ತದೆಯೋ 25ರ ಕಟ್ಟಿನಲ್ಲಿಯೋ ಎಂಬುದು ಯಾವ ದಾಖಲೆಯಲ್ಲಿಯೂ ಸಿಗುವುದಿಲ್ಲ. ಅದನ್ನು ಕೇಳಿಯೇ ತಿಳಿಯಬೇಕು.

2. ಪ್ರಶ್ನಾವಳಿಯ ರಚನೆ

ಗೂಗಲ್ ಫಾರ್ಮ್ಸ್‌ನಂತಹ ಉಚಿತ ಸೌಲಭ್ಯದಲ್ಲಿ ಕನ್ನಡದಲ್ಲಿಯೇ ಪ್ರಶ್ನಾವಳಿಯನ್ನು ಸಿದ್ಧಪಡಿಸಿ, ಅದರ ಕೊಂಡಿಯನ್ನು ವಾಟ್ಸ್‌ಆ್ಯಪ್ ಮೂಲಕ ಕಳುಹಿಸಬಹುದು. ಬಂದ ಉತ್ತರಗಳು ತಾವಾಗಿಯೇ ಪಟ್ಟಿಯ ರೂಪದಲ್ಲಿ ದಾಖಲಾಗುತ್ತವೆ. ಪ್ರಶ್ನೆಗಳು ಹತ್ತನ್ನು ಮೀರದಿರುವುದು ಲೇಸು. ದೀರ್ಘವಾದ ಪ್ರಶ್ನಾವಳಿಯನ್ನು ಜನರು ಅರ್ಧಕ್ಕೇ ಬಿಡುತ್ತಾರೆ.

ಪ್ರಶ್ನೆಯು ಉತ್ತರವನ್ನು ಹೇಳಿಕೊಡುವಂತಿರಬಾರದು. "ಶುಚಿಯಾಗಿ ತಯಾರಿಸಿದ ನಮ್ಮ ರುಚಿಕರ ರೊಟ್ಟಿಯನ್ನು ಕೊಳ್ಳುವಿರಾ?" ಎಂದು ಕೇಳಿದರೆ ದಾಕ್ಷಿಣ್ಯಕ್ಕಾದರೂ ಹೌದೆಂಬ ಉತ್ತರವೇ ಬರುತ್ತದೆ. ಅದರ ಬದಲು "ಕಳೆದ ತಿಂಗಳು ಎಷ್ಟು ಬಾರಿ ರೊಟ್ಟಿಯನ್ನು ಕೊಂಡಿರಿ? ಎಲ್ಲಿ ಕೊಂಡಿರಿ? ಒಂದು ಕಟ್ಟಿಗೆ ಎಷ್ಟು ಹಣ ಕೊಟ್ಟಿರಿ?" ಎಂದು ಕೇಳುವುದು ಸೂಕ್ತ. ಮುಂದೆ ಮಾಡುವೆನೆಂಬ ಮಾತಿಗಿಂತ ಹಿಂದೆ ಮಾಡಿದ ಖರ್ಚು ಹೆಚ್ಚು ನಂಬಿಕೆಗೆ ಅರ್ಹ. "ಬೆಲೆ ಮತ್ತು ರುಚಿ ಒಪ್ಪಿಗೆಯೇ?" ಎಂಬಂತೆ ಎರಡು ವಿಷಯಗಳನ್ನು ಒಂದೇ ಪ್ರಶ್ನೆಯಲ್ಲಿ ಸೇರಿಸಬಾರದು, ರುಚಿ ಒಪ್ಪಿ ಬೆಲೆ ಒಪ್ಪದವರು ಏನೆಂದು ಉತ್ತರಿಸಬೇಕು?

3. ಯಾರನ್ನು ಕೇಳಬೇಕು?

ಸಮೀಕ್ಷೆಗಳು ಹೆಚ್ಚಾಗಿ ದಾರಿ ತಪ್ಪುವುದು ಇಲ್ಲಿಯೇ. 1936ರಲ್ಲಿ ಅಮೆರಿಕದ ಲಿಟರರಿ ಡೈಜೆಸ್ಟ್ ಎಂಬ ಪತ್ರಿಕೆಯು ಅಧ್ಯಕ್ಷೀಯ ಚುನಾವಣೆಯ ಕುರಿತು ಸುಮಾರು 1 ಕೋಟಿ ಜನರಿಗೆ ಅಂಚೆಯ ಮೂಲಕ ಮತಪತ್ರಗಳನ್ನು ಕಳುಹಿಸಿತು. 20 ಲಕ್ಷಕ್ಕೂ ಹೆಚ್ಚು ಉತ್ತರಗಳು ಬಂದವು. ಲ್ಯಾಂಡನ್ ಗೆಲ್ಲುವರೆಂದು ಪತ್ರಿಕೆ ಸಾರಿತು. ಆದರೆ ರೂಸ್ವೆಲ್ಟ್ 48 ರಾಜ್ಯಗಳ ಪೈಕಿ 46ರಲ್ಲಿ ಗೆದ್ದರು. ವಿಳಾಸಗಳನ್ನು ಬಹುಮಟ್ಟಿಗೆ ದೂರವಾಣಿ ಮತ್ತು ಮೋಟಾರು ವಾಹನ ಉಳ್ಳವರ ಪಟ್ಟಿಗಳಿಂದ ಆಯ್ದುಕೊಂಡಿದ್ದರಿಂದ ಬಡವರ ಧ್ವನಿ ಅದರಲ್ಲಿ ಕ್ಷೀಣವಾಗಿತ್ತು. ಉತ್ತರಿಸಿದವರ ಅಭಿಪ್ರಾಯವು ಉತ್ತರಿಸದವರ ಅಭಿಪ್ರಾಯಕ್ಕಿಂತ ಭಿನ್ನವಾಗಿದ್ದುದು ಮತ್ತೊಂದು ಕಾರಣ. ಉತ್ತರಗಳ ಸಂಖ್ಯೆ ದೊಡ್ಡದಾದ ಮಾತ್ರಕ್ಕೆ ಫಲಿತಾಂಶವು ಸರಿಯಾಗುವುದಿಲ್ಲ ಎಂಬುದಕ್ಕೆ ಇದು ಪ್ರಸಿದ್ಧ ನಿದರ್ಶನ.

ಸಂಘದ ಸಮೀಕ್ಷೆಗೂ ಇದೇ ಎಚ್ಚರ ಅನ್ವಯಿಸುತ್ತದೆ. ಊರಿನವರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮಾತ್ರ ಕೇಳಿದರೆ ಬರುವುದು ತವರಿನ ಅಭಿಮಾನವೇ ಹೊರತು ಮಾರುಕಟ್ಟೆಯ ಬೇಡಿಕೆಯಲ್ಲ. ನಗರದ ವಸತಿ ಸಮುಚ್ಚಯಗಳ ನಿವಾಸಿಗಳು, ವಿದ್ಯಾರ್ಥಿ ನಿಲಯಗಳ ಮೇಲ್ವಿಚಾರಕರು, ಖಾನಾವಳಿ ನಡೆಸುವವರು, ಕಿರಾಣಿ ವ್ಯಾಪಾರಿಗಳು ಹೀಗೆ ಭಿನ್ನ ವರ್ಗದವರನ್ನು ಕೇಳಿ, ಉತ್ತರಗಳನ್ನು ವರ್ಗವಾರು ಬೇರೆಬೇರೆಯಾಗಿ ಇಡತಕ್ಕದ್ದು. ಸ್ಮಾರ್ಟ್‌ಫೋನ್ ಬಳಸದ ಸಂತೆಯ ಗ್ರಾಹಕರನ್ನು ಅದೇ ಪ್ರಶ್ನೆಗಳೊಂದಿಗೆ ಮುಖತಃ ಭೇಟಿ ಮಾಡಬೇಕು.

4. ಉತ್ತರಗಳನ್ನು ಎಣಿಸುವ ಬಗೆ

ಉದಾಹರಣೆಗೆ, 200 ಜನರಿಗೆ ಕೊಂಡಿ ಕಳುಹಿಸಿ 40 ಉತ್ತರಗಳು ಬಂದು, ಅವರಲ್ಲಿ 30 ಜನರು ಕೊಳ್ಳುವೆವು ಎಂದರೆ "ನೂರಕ್ಕೆ 75 ಜನರ ಬೇಡಿಕೆಯಿದೆ" ಎಂದು ಬರೆಯುವುದು ತಪ್ಪು. ಉಳಿದ 160 ಜನರ ಮನಸ್ಸು ತಿಳಿದಿಲ್ಲ; ಆಸಕ್ತಿಯಿಲ್ಲದವರೇ ಹೆಚ್ಚಾಗಿ ಉತ್ತರಿಸದೆ ಉಳಿದಿರಬಹುದು. 30 ಎಂಬ ಸಂಖ್ಯೆಯೂ ಇನ್ನೂ ಮಾತು ಮಾತ್ರ. ಆ ಕಾರಣ ಮುಂದಿನ ಹೆಜ್ಜೆಯಾಗಿ ಒಂದು ಸಣ್ಣ ಪ್ರಾಯೋಗಿಕ ಮಾರಾಟ ನಡೆಸುವುದು ಅಗತ್ಯ. ಈಗಿರುವ ಒಲೆ, ಹಂಚುಗಳಲ್ಲಿಯೇ ಕೆಲವು ಕಟ್ಟುಗಳನ್ನು ತಯಾರಿಸಿ, ಒಪ್ಪಿದವರಿಂದ ಮುಂಗಡ ಪಡೆದು ಕಳುಹಿಸಬೇಕು. ಎಷ್ಟು ಜನ ಹಣ ಕೊಟ್ಟರು, ಸಾಗಣೆಯಲ್ಲಿ ಎಷ್ಟು ರೊಟ್ಟಿ ಮುರಿಯಿತು, ಎಷ್ಟು ಜನ ಎರಡನೆಯ ಬಾರಿ ಕೇಳಿದರು ಎಂಬ ಮೂರು ಲೆಕ್ಕಗಳು ದೊರೆತ ಮೇಲೆಯೇ ಯಂತ್ರದ ಮಾತು ಎತ್ತುವುದು ಉಚಿತ. ಹಣ ಸ್ವೀಕರಿಸಲು ಯುಪಿಐ ಪಿನ್ ಒತ್ತುವ ಅಗತ್ಯವಿಲ್ಲವೆಂಬುದನ್ನು ಸದಸ್ಯೆಯರಿಗೆ ಮನದಟ್ಟು ಮಾಡಿಕೊಡಬೇಕು.

5. ಉತ್ತರಿಸುವವರ ವೈಯಕ್ತಿಕ ಮಾಹಿತಿ

ಮಾಹಿತಿಯನ್ನು ಯಾವ ಉದ್ದೇಶಕ್ಕೆ ಪಡೆಯಲಾಗುತ್ತಿದೆ ಎಂಬುದನ್ನು ಪ್ರಶ್ನಾವಳಿಯ ಆರಂಭದಲ್ಲಿಯೇ ತಿಳಿಸಿ ಒಪ್ಪಿಗೆ ಪಡೆಯತಕ್ಕದ್ದು. ಉದ್ದೇಶದ ಸ್ಪಷ್ಟತೆ ಹಾಗೂ ವ್ಯಕ್ತಿಯ ಒಪ್ಪಿಗೆಗೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ಪ್ರಾಮುಖ್ಯ ನೀಡಿದೆ. ರೊಟ್ಟಿಯ ಸಮೀಕ್ಷೆಗೆ ಆಧಾರ್ ಸಂಖ್ಯೆ, ಜಾತಿ, ಆದಾಯಗಳ ವಿವರ ಬೇಕಿಲ್ಲ. ದೂರವಾಣಿ ಸಂಖ್ಯೆಯನ್ನು ನೀಡುವುದು ಉತ್ತರಿಸುವವರ ಇಚ್ಛೆಗೆ ಬಿಟ್ಟದ್ದು. ಸಂಗ್ರಹಿಸಿದ ಪಟ್ಟಿಯನ್ನು ಅನ್ಯರಿಗೆ ಕೊಡಬಾರದು. ಫಲಾನುಭವಿಗಳ ಪಟ್ಟಿಯನ್ನು ಸಮೀಕ್ಷೆಗೆ ಬಳಸಲೂ ಬಾರದು.

6. ಸದಸ್ಯರ ಪಾತ್ರ

ಸಮೀಕ್ಷೆಯನ್ನು ಸಂಘವೇ ನಡೆಸಬೇಕು. ಸದಸ್ಯರು ಅದಕ್ಕೆ ಅನುಕೂಲ ಕಲ್ಪಿಸಬಹುದು. ಅರಿವು ಕೇಂದ್ರದ ಗಣಕಯಂತ್ರ ಹಾಗೂ ಅಂತರಜಾಲ ಸಂಪರ್ಕವನ್ನು ನಿಗದಿತ ವೇಳೆಯಲ್ಲಿ ಸಂಘಗಳ ಬಳಕೆಗೆ ಒದಗಿಸುವುದು, ಊರಿನ ಪದವೀಧರ ಯುವಕ-ಯುವತಿಯರ ನೆರವು ದೊರಕಿಸುವುದು, ಗ್ರಾಮ ಪಂಚಾಯಿತಿ ಮಟ್ಟದ ಒಕ್ಕೂಟದ ಸಭೆಯಲ್ಲಿ ಫಲಿತಾಂಶವನ್ನು ಚರ್ಚೆಗೆ ಇಡಿಸುವುದು ಅವುಗಳಲ್ಲಿ ಮುಖ್ಯವಾದವು. ಹೊಸ ಉದ್ದಿಮೆಯ ಪ್ರಸ್ತಾವನೆ ಬಂದಾಗ "ಎಷ್ಟು ಸಾಲ ಬೇಕು?" ಎಂಬುದಕ್ಕೆ ಮೊದಲು "ಯಾರನ್ನು ಕೇಳಿದಿರಿ, ಅವರು ಏನು ಹೇಳಿದರು?" ಎಂದು ವಿಚಾರಿಸುವ ರೂಢಿಯನ್ನು ಸದಸ್ಯರು ಬೆಳೆಸಬೇಕು.

ಸಮೀಕ್ಷೆಯ ಉತ್ತರವು "ಬೇಡ" ಎಂದು ಬಂದರೆ ಅದನ್ನು ಸೋಲೆಂದು ಭಾವಿಸಬೇಕಾಗಿಲ್ಲ. ಸಾಲ ಪಡೆಯುವ ಮುನ್ನವೇ ತಿಳಿದ ಆ ಒಂದು ಮಾತು ಹತ್ತಾರು ಕುಟುಂಬಗಳ ಉಳಿತಾಯವನ್ನು ಕಾಯುತ್ತದೆ.