ನೇತ್ರಾವತಿಯ ನೀರು ಕೇಳುವ ಮೊದಲು ಅರ್ಕಾವತಿಯನ್ನು ನೋಡಿ

ಎತ್ತಿನಹೊಳೆ ಯೋಜನೆ ಎಂದಾಗ ಕರಾವಳಿಯ ನಮ್ಮವರ ಬಾಯಲ್ಲಿ ಬರುವ ಹೆಸರು ಕೋಲಾರ ಮತ್ತು ಚಿಕ್ಕಬಳ್ಳಾಪುರ. ಅದೇ ಪಟ್ಟಿಯಲ್ಲಿ ರಾಮನಗರವೂ ಉಂಟು ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ಈ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೊಸ ಹೆಸರು ಇಟ್ಟಿದ್ದಾರೆ. ಜನರ ಬಾಯಲ್ಲಿ ಮಾತ್ರ ಇದು ಇನ್ನೂ ರಾಮನಗರವೇ. ಅಂಗಡಿ, ಹೋಟೆಲು, ಮದ್ರಸ ಎಂದು ಊರು ಬಿಟ್ಟು ಈ ಮೈಸೂರು ರಸ್ತೆಗೆ ಬಂದು ಸೇರಿದ ಬ್ಯಾರಿಗಳಿಗೆ ಆದ್ದರಿಂದ ಈ ನೀರಿನ ಪ್ರಶ್ನೆ ಎರಡೂ ಕಡೆಯಿಂದ ತಾಗುತ್ತದೆ. ಊರಿಗೆ ಫೋನ್ ಮಾಡಿದರೆ, 'ನಮ್ಮ ಹೊಳೆ ಒಣಗಿಸಿ ನೀವು ಅಲ್ಲಿ ಕುಡಿಯಿರಿ' ಎಂದು ತಮಾಷೆಗೆ ಚುಚ್ಚುತ್ತಾರೆ. ಇಲ್ಲಿ ರೇಷ್ಮೆ ರೀಲರ್ ಒಬ್ಬರು, 'ಹಜ್ರತ್, ನಿಮ್ಮೂರಲ್ಲಿ ಅಷ್ಟು ಮಳೆ ಬಿದ್ದು ಎಲ್ಲಾ ಸಮುದ್ರಕ್ಕೆ ಹೋಗ್ತದಲ್ಲ, ನಮಗೆ ಸ್ವಲ್ಪ ಕೊಟ್ರೆ ಏನ್ ಕಮ್ಮಿ ಆಗ್ತದೆ?' ಎಂದು ಕೇಳುತ್ತಾರೆ.

ಕೇಳುವುದರಲ್ಲಿ ತಪ್ಪಿಲ್ಲ. ಹೆಚ್ಚುವರಿ ನೀರನ್ನು ಬಾಯಾರಿದವನಿಗೆ ತಡೆಹಿಡಿಯಬಾರದು ಎಂದು ಪ್ರವಾದಿ(ಸ) ಅವರು ಸ್ಪಷ್ಟವಾಗಿ ಕಲಿಸಿದ್ದಾರೆ. ನೀರು, ಮೇವು, ಬೆಂಕಿ ಈ ಮೂರರಲ್ಲಿ ಎಲ್ಲರಿಗೂ ಪಾಲು ಇದೆ ಎಂಬ ಹದೀಸ್ ನಮ್ಮ ಮದ್ರಸದ ಮಕ್ಕಳಿಗೂ ಗೊತ್ತು. ಮನುಷ್ಯನಿಗೂ ಜಾನುವಾರಿಗೂ ಕುಡಿಯುವ ಹಕ್ಕು ಬೇಸಾಯಕ್ಕಿಂತ ಮೊದಲು ಎಂದು ಫಿಕ್‌ಹ್ ಕಿತಾಬುಗಳು ಹೇಳುತ್ತವೆ. ಹಾಗಾಗಿ 'ನಮ್ಮ ಹೊಳೆ, ಒಂದು ತೊಟ್ಟೂ ಕೊಡುವುದಿಲ್ಲ' ಎಂಬ ಮಾತು ಘೋಷಣೆಗೆ ಚೆಂದ, ದೀನಿನಲ್ಲಿ ಅದಕ್ಕೆ ಜಾಗ ಕಡಿಮೆ. ಆದರೆ ಹದೀಸ್ ಹೇಳುವುದು ಹೆಚ್ಚುವರಿ ನೀರಿನ ಬಗ್ಗೆ. ಹೆಚ್ಚುವರಿ ಎಷ್ಟು ಉಂಟು ಎಂಬುದೇ ಇಲ್ಲಿನ ಪ್ರಶ್ನೆ.

ಸಕಲೇಶಪುರದ ಘಟ್ಟದಲ್ಲಿ ಎತ್ತಿನಹೊಳೆ, ಕಾಡುಮನೆ ಹೊಳೆ, ಕೇರಿಹೊಳೆ, ಹೊಂಗಡಹಳ್ಳ ಎಂಬ ಹಳ್ಳಗಳಿಗೆ ಎಂಟು ಕಡೆ ಅಡ್ಡ ಕಟ್ಟೆ ಕಟ್ಟಿ, ಮಳೆಗಾಲದ 139 ದಿನಗಳಲ್ಲಿ 24.01 ಟಿಎಂಸಿ ನೀರು ಎತ್ತುವುದು ಸರಕಾರದ ಲೆಕ್ಕ. ಅದರಲ್ಲಿ ಕುಡಿಯಲು 14 ಟಿಎಂಸಿ, ಉಳಿದದ್ದು ಕೆರೆ ತುಂಬಿಸಲು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರು 2015ರಲ್ಲಿ ಅದೇ ಜಲಾನಯನವನ್ನು ಅಳೆದು ನೋಡಿದರು. ಸುಮಾರು 180 ಚದರ ಕಿಲೋಮೀಟರಿನ ಆ ಪ್ರದೇಶದಲ್ಲಿ ಅವರಿಗೆ ಸಿಕ್ಕಿದ್ದು ವರ್ಷಕ್ಕೆ 9.55 ಟಿಎಂಸಿ. ಅದರಲ್ಲೂ ಅರ್ಧಕ್ಕಿಂತ ಹೆಚ್ಚು ಅಲ್ಲಿನ ತೋಟ, ಜನ, ಜಾನುವಾರಿಗೇ ಬೇಕು. ಹೊಳೆಗೂ ಹರಿಯಲು ಸ್ವಲ್ಪ ಬಿಡಬೇಕಲ್ಲ. ಈ ಲೆಕ್ಕ ಸರಿಯಾದರೆ ಏಳು ಜಿಲ್ಲೆಗಳ ಕುಡಿಯುವ ನೀರಿಗೂ ಅದು ಸಾಲದು.

ಖರ್ಚು ನೋಡಿ. 2012ರಲ್ಲಿ 8,323 ಕೋಟಿ ರೂಪಾಯಿ ಎಂದರು. 2014ರಲ್ಲಿ 12,912 ಕೋಟಿ ಆಯಿತು. 2023ರಲ್ಲಿ 23,251 ಕೋಟಿ. ಒಪ್ಪಿಗೆ ಕೊಟ್ಟದ್ದು ಬಿಜೆಪಿ ಸರಕಾರ, ಶಂಕುಸ್ಥಾಪನೆ ಮಾಡಿದ್ದು ಕಾಂಗ್ರೆಸ್ ಸರಕಾರ. ಆದ್ದರಿಂದ ಇದನ್ನು ಒಂದು ಪಕ್ಷದ ತಲೆಗೆ ಕಟ್ಟಿ ಕೈತೊಳೆದುಕೊಳ್ಳಲು ನಮ್ಮವರಿಗೂ ಆಗುವುದಿಲ್ಲ, ಅವರಿಗೂ ಆಗುವುದಿಲ್ಲ. 2016ರ ಮೇ ತಿಂಗಳಲ್ಲಿ ದಕ್ಷಿಣ ಕನ್ನಡ ಬಂದ್ ಆದಾಗ ಜಾತಿ, ಧರ್ಮ ಬಿಟ್ಟು ಜನ ಅಂಗಡಿ ಮುಚ್ಚಿದ್ದರು. ಆಮೇಲೆ ಆ ಒಗ್ಗಟ್ಟು ಎಲ್ಲಿ ಹೋಯಿತೋ. 2024ರ ಸೆಪ್ಟೆಂಬರ್ 6ರಂದು ಮೊದಲ ಹಂತದ ಉದ್ಘಾಟನೆ ಆದಾಗ ಕರಾವಳಿಯಲ್ಲಿ ದೊಡ್ಡ ಸದ್ದೇನೂ ಕೇಳಲಿಲ್ಲ.

ಕೆಳಗಿನವರ ಭಯ ಸುಳ್ಳಲ್ಲ. ಈ ಹಳ್ಳಗಳೇ ಗುಂಡ್ಯ ಹೊಳೆಯಾಗಿ ಕುಮಾರಧಾರಾ ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯಾಗುವುದು. ಮಂಗಳೂರು ನಗರ ಕುಡಿಯುವುದು ತುಂಬೆ ಅಣೆಕಟ್ಟಿನ ನೀರು. 2016, 2019, 2023ರ ಬೇಸಿಗೆಗಳಲ್ಲಿ ಅಲ್ಲೇ ನೀರು ಇಳಿದು ನಗರಕ್ಕೆ ರೇಶನ್ ಲೆಕ್ಕದಲ್ಲಿ ಬಿಟ್ಟದ್ದು ಮರೆಯುವ ಮಾತಲ್ಲ. ಹಾಜಬ್ಬರ ಹರೇಕಳದಲ್ಲಿ ಉಪ್ಪುನೀರು ಮೇಲೇರದಂತೆ ಹೊಳೆಗೇ ಅಡ್ಡಲಾಗಿ ಅಣೆಕಟ್ಟು ಕಟ್ಟಬೇಕಾಯಿತು. ಇನ್ನೂ ಕೆಳಗೆ ಉಳ್ಳಾಲ, ಸೋಮೇಶ್ವರ, ಉಚ್ಚಿಲದಲ್ಲಿ ಪ್ರತಿ ಮಳೆಗಾಲ ಕಡಲು ಮನೆ ಬಾಗಿಲಿಗೆ ಬರುತ್ತದೆ. ಕಡಲ್ಕೊರೆತಕ್ಕೆ ಕಾರಣ ಒಂದೇ ಅಲ್ಲ ನಿಜ. ಆದರೆ 'ಸಮುದ್ರಕ್ಕೆ ಸುಮ್ಮನೆ ಹೋಗುವ ನೀರು' ಎಂಬುದು ಘಟ್ಟದ ಮೇಲಿನವರ ಮಾತು. ಅಳಿವೆ ಬಾಗಿಲಿನಲ್ಲಿ ದೋಣಿ ಇಡುವವನು ಹಾಗೆ ಹೇಳುವುದಿಲ್ಲ. ಮಳೆಗಾಲದ ಹೊಳೆ ತರುವ ಮಣ್ಣು, ಮರಳು, ಮೀನಿನ ಆಹಾರ ಎಲ್ಲವೂ ಆ 'ಸುಮ್ಮನೆ' ಹೋಗುವ ನೀರಿನಲ್ಲೇ ಇರುವುದು.

ಇನ್ನು ಕೇಳುವ ಜಿಲ್ಲೆಯ ಕಡೆ ಬರೋಣ. ರಾಮನಗರಕ್ಕೆ ಹೊಳೆ ಇಲ್ಲವಾ? ಉಂಟು. ಊರಿನ ನಡುವೆಯೇ ಹರಿಯುತ್ತದೆ. ನಂದಿಬೆಟ್ಟದಲ್ಲಿ ಹುಟ್ಟಿ, ಹೆಸರಘಟ್ಟ, ಮಾಗಡಿ ತಾಲೂಕಿನ ತಿಪ್ಪಗೊಂಡನಹಳ್ಳಿ, ಮಂಚನಬೆಲೆ ದಾಟಿ, ರಾಮನಗರ, ಕನಕಪುರಕ್ಕಾಗಿ ಸಂಗಮದಲ್ಲಿ ಕಾವೇರಿ ಸೇರುವ ಅರ್ಕಾವತಿ ಸುಮಾರು 190 ಕಿಲೋಮೀಟರ್ ಉದ್ದದ ನದಿ. ಬೆಂಗಳೂರಿಗೆ ಮೊದಲು ನಲ್ಲಿ ನೀರು ಕೊಟ್ಟದ್ದು ಇದೇ. 1890ರ ದಶಕದಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ. ಕೊಟ್ಟ ನದಿಗೆ ನಗರ ತಿರುಗಿ ಕೊಟ್ಟದ್ದು ಕೊಳಚೆ. ಸುತ್ತಲಿನ ಬಡಾವಣೆ, ಕಾರ್ಖಾನೆಗಳ ನೀರು ಸೇರಿ, 2012ರ ಹೊತ್ತಿಗೆ ತಿಪ್ಪಗೊಂಡನಹಳ್ಳಿಯ ನೀರು ಎತ್ತುವುದನ್ನೇ ನಿಲ್ಲಿಸಿದರು.

ಬಿಡದಿ ಹತ್ತಿರದ ಬೈರಮಂಗಲ ಕೆರೆಯನ್ನು ಒಮ್ಮೆ ನೋಡಿ ಬಂದರೆ ಸಾಕು, ಉಳಿದ ವಿವರ ಬೇಡ. 1940ರ ದಶಕದಲ್ಲಿ ಸುಮಾರು ನಾಲ್ಕು ಸಾವಿರ ಎಕರೆಗೆ ನೀರುಣಿಸಲು ವೃಷಭಾವತಿಗೆ ಕಟ್ಟಿದ ಜಲಾಶಯ ಅದು. ಈಗ ವೃಷಭಾವತಿ ಎಂದರೆ ಬೆಂಗಳೂರಿನ ಪಶ್ಚಿಮ ಭಾಗದ ಚರಂಡಿ. ಕಪ್ಪು ನೀರು, ಮೇಲೆ ನೊರೆ, ಮೂಗು ಮುಚ್ಚದೆ ನಿಲ್ಲಲಾಗದ ವಾಸನೆ. ಅದೇ ನೀರಿನಲ್ಲಿ ಮೇವಿನ ಹುಲ್ಲು, ಜೋಳ, ತರಕಾರಿ ಬೆಳೆಯುತ್ತದೆ. ಅಲ್ಲಿನ ಬೆಳೆಯಲ್ಲಿ ಭಾರ ಲೋಹಗಳು ಸೇರಿರುವುದನ್ನು ಸಂಶೋಧಕರು ಬಹಳ ಸಲ ತೋರಿಸಿದ್ದಾರೆ. ಅಲ್ಲಿಂದ ಮುಂದೆ ಕನಕಪುರದ ಕಡೆ ಅದು ಅರ್ಕಾವತಿಗೆ ಸೇರುತ್ತದೆ.

ಮದ್ರಸದಲ್ಲಿ ತಹಾರತ್ ಪಾಠ ಹೇಳುವಾಗ ಇದು ನನಗೆ ಒಳ್ಳೆಯ ಉದಾಹರಣೆ. ನಮ್ಮ ಶಾಫಿಈ ಮದ್‌ಹಬ್‌ನಲ್ಲಿ ನೀರು ಎರಡು ಖುಲ್ಲತ್, ಅಂದರೆ ಸುಮಾರು ಇನ್ನೂರು ಲೀಟರ್ ಇದ್ದರೆ, ನಜಸ್ ಬಿದ್ದ ಮಾತ್ರಕ್ಕೆ ಕೆಡುವುದಿಲ್ಲ. ಇಲ್ಲಿನ ಉರ್ದು ಮಾತಾಡುವ ಜಮಾಅತಿನವರು ಹನಫಿಗಳು. ಅವರಿಗೆ ಹತ್ತು ಮೊಳ ಉದ್ದ, ಹತ್ತು ಮೊಳ ಅಗಲದ ಹೌಝ್ ಬೇಕು. ಈ ಅಳತೆಯ ಮೇಲೆ ಮಕ್ಕಳು ತರಗತಿಯಲ್ಲಿ ಚರ್ಚೆ ಮಾಡುತ್ತಾರೆ. ಆದರೆ ಬಣ್ಣ, ರುಚಿ, ವಾಸನೆ ಮೂರರಲ್ಲಿ ಒಂದು ನಜಸ್‌ನಿಂದ ಬದಲಾದರೂ, ಸಮುದ್ರದಷ್ಟು ಇದ್ದರೂ ಆ ನೀರು ನಜಸ್ ಎಂಬುದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯ ಇಲ್ಲ. ಬೈರಮಂಗಲದಲ್ಲಿ ಬಣ್ಣ, ವಾಸನೆ ಎರಡೂ ಹೋಗಿದೆ. ರುಚಿ ನೋಡುವ ಧೈರ್ಯ ಯಾರಿಗೂ ಇಲ್ಲ. ಒಂದಿಡೀ ಹೊಳೆಗೆ ವುಝೂ ಆಗದ ಸ್ಥಿತಿ ತಂದಿಟ್ಟಿದ್ದೇವೆ.

ಈಗ ಒಂದು ಲೆಕ್ಕ. ಬೆಂಗಳೂರು ಕಾವೇರಿಯಿಂದ ದಿನಕ್ಕೆ 145 ಕೋಟಿ ಲೀಟರ್ ಎತ್ತುತ್ತಿತ್ತು. 2024ರ ಅಕ್ಟೋಬರ್‌ನಲ್ಲಿ ಐದನೇ ಹಂತದ ಉದ್ಘಾಟನೆ ಆಗಿ 77.5 ಕೋಟಿ ಲೀಟರ್ ಸೇರಿತು. ಎರಡೂ ಪೂರ್ತಿ ಹರಿದರೆ ವರ್ಷಕ್ಕೆ 28 ಟಿಎಂಸಿ ದಾಟುತ್ತದೆ. ಮನೆಗೆ ಬಂದ ನೀರಿನಲ್ಲಿ ಶೇ. 80ರಷ್ಟು ಚರಂಡಿಗೆ ಹೋಗುತ್ತದೆ ಎಂಬುದು ಇಂಜಿನಿಯರುಗಳ ಸಾಮಾನ್ಯ ಲೆಕ್ಕ. ಹಾಗಾದರೆ 22 ಟಿಎಂಸಿಯ ಮೇಲೆ. ಪೈಪ್ ಸೋರಿಕೆ ಕಳೆದರೂ, ಬೋರ್‌ವೆಲ್ ನೀರು ಸೇರುವುದರಿಂದ ಅಂಕಿ ಬಹಳ ಕೆಳಗೆ ಇಳಿಯುವುದಿಲ್ಲ. ಎತ್ತಿನಹೊಳೆಯಿಂದ ತರುತ್ತೇವೆ ಎಂದ ನೀರು ಎಷ್ಟು? 24 ಟಿಎಂಸಿ. ಘಟ್ಟ ಕೊರೆದು, ಪಂಪ್ ಇಟ್ಟು, 23 ಸಾವಿರ ಕೋಟಿ ಸುರಿದು ಹುಡುಕುವಷ್ಟೇ ನೀರು ಪಕ್ಕದ ಮನೆಯಿಂದ ಕೊಳಚೆಯಾಗಿ ಬರುತ್ತಾ ಉಂಟು. ಅದರಲ್ಲಿ ಒಂದು ದೊಡ್ಡ ಪಾಲು ವೃಷಭಾವತಿಯ ಕಣಿವೆಯಲ್ಲೇ ಇಳಿಯುತ್ತದೆ.

ಕೊಳಚೆ ನೀರನ್ನು ಶುದ್ಧ ಮಾಡಿ ಬಳಸಬಹುದಾ ಎಂದು ನಮ್ಮವರು ಮೂಗು ಮುರಿಯುತ್ತಾರೆ. 1978ರಲ್ಲೇ ಸೌದಿ ಅರೇಬಿಯಾದ ಹಿರಿಯ ಉಲಮಾಗಳ ಮಂಡಳಿ ಇದನ್ನು ಚರ್ಚಿಸಿ, ನಜಸ್‌ನ ಬಣ್ಣ, ರುಚಿ, ವಾಸನೆ ಪೂರ್ತಿ ಹೋಗುವಂತೆ ಸಂಸ್ಕರಿಸಿದ ನೀರು ಶುದ್ಧ ಎಂದು ತೀರ್ಮಾನ ಮಾಡಿತ್ತು. ನಮ್ಮ ಕಿತಾಬುಗಳಲ್ಲೂ, ಎರಡು ಖುಲ್ಲತ್‌ಗಿಂತ ಕಡಿಮೆಯಿಲ್ಲದ ನೀರಿನ ಬದಲಾವಣೆ ತಾನಾಗಿಯೋ ಬೇರೆ ನೀರು ಸೇರಿಯೋ ಹೋದರೆ ಅದು ಶುದ್ಧವಾಗುತ್ತದೆ. ಕುಡಿಯುವ ಮಾತು ಬಿಡಿ, ಹೊಲಕ್ಕೆ, ಕೆರೆಗೆ ಇದು ಧಾರಾಳ. 2018ರಿಂದ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ಅದನ್ನು ಇನ್ನೂ ಒಂದು ಹಂತ ಹೆಚ್ಚು ಶುದ್ಧ ಮಾಡಬೇಕು ಎಂಬ ಅಲ್ಲಿನ ರೈತರ ಬೇಡಿಕೆ ನ್ಯಾಯವಾದದ್ದೇ. ಕೆರೆ ತುಂಬಿಸಲು ಘಟ್ಟದ ನೀರೇ ಬೇಕೆಂದಿಲ್ಲ ಎಂಬುದಂತೂ ಇದರಿಂದ ಗೊತ್ತಾಯಿತು.

ನೀರಿನ ಜಗಳ ಮದೀನಾದಲ್ಲೂ ನಡೆದಿತ್ತು. ಹರ್ರಾದ ತೋಡಿನ ಮೇಲ್ಭಾಗದಲ್ಲಿ ಝುಬೈರ್(ರ) ಅವರ ತೋಟ, ಕೆಳಗೆ ಒಬ್ಬ ಅನ್ಸಾರಿಯ ಖರ್ಜೂರದ ತೋಟ. ಪ್ರವಾದಿ(ಸ) ಅವರ ಮುಂದೆ ವ್ಯಾಜ್ಯ ಬಂದಾಗ, ಮೇಲಿನವನು ತನ್ನ ತೋಟಕ್ಕೆ ಹಾಯಿಸಿಕೊಂಡು ನೆರೆಯವನಿಗೆ ಬಿಡಬೇಕು ಎಂದು ತೀರ್ಪಾಯಿತು. ಇನ್ನೊಂದು ಕಣಿವೆಯ ನೀರಿನ ವಿಷಯದಲ್ಲಿ, ಮೇಲಿನವನು ಹಿಡಿದಿಡಬಹುದಾದದ್ದು ಕಾಲಿನ ಹರಡು ಮುಳುಗುವಷ್ಟು ಮಾತ್ರ ಎಂದು ಮಿತಿಯೂ ಬಂತು. ಮೇಲಿನವನಿಗೆ ಮೊದಲ ಹಕ್ಕು, ಆದರೆ ಮಿತಿ ಉಂಟು, ಕೆಳಗೆ ಬಿಡುವ ಹೊಣೆಯೂ ಉಂಟು. ಎತ್ತಿನಹೊಳೆಯಲ್ಲಿ ನೀರನ್ನು ಕೆಳಗೆ ಬಿಡುವುದಲ್ಲ, ಬೆಟ್ಟದ ಆಚೆ ಕಡೆಗೇ ತಿರುಗಿಸುವುದು. ಅರ್ಕಾವತಿಯಲ್ಲಿ ಬಿಡುತ್ತಾರೆ, ಆದರೆ ಹೊಲಸು ಮಾಡಿ ಬಿಡುತ್ತಾರೆ. ಉಳ್ಳಾಲದವನೂ ರಾಮನಗರದವನೂ ಒಂದೇ ಸಾಲಿನಲ್ಲಿ ನಿಂತ ಕೆಳಗಿನವರು ಎಂಬುದು ನನಗೆ ಇಲ್ಲಿ ಬಂದ ಮೇಲೆ ಹೊಳೆದ ವಿಷಯ. ಇವರಿಬ್ಬರೂ ಪರಸ್ಪರ ಬೈದುಕೊಳ್ಳುತ್ತಿದ್ದರೆ ಲಾಭ ಗುತ್ತಿಗೆದಾರನಿಗೆ.

ಮಾಗಡಿಯದು ಇನ್ನೊಂದು ಕಥೆ. ಹೇಮಾವತಿಯ ನೀರನ್ನು ಕುಣಿಗಲ್, ಮಾಗಡಿಗೆ ತರುವ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ಕೆಲಸಕ್ಕೆ 2025ರಲ್ಲಿ ತುಮಕೂರಿನ ರೈತರು ಅಡ್ಡ ನಿಂತರು. ಕರಾವಳಿಯವರು ಆಡಿದ ಮಾತನ್ನೇ ಅವರೂ ಆಡಿದರು. ಚನ್ನಪಟ್ಟಣದಲ್ಲಿ ಶಿಂಷಾದ ಇಗ್ಗಲೂರು ಬ್ಯಾರೇಜಿನಿಂದ ಕೆರೆ ತುಂಬಿಸಿದ್ದು ಯಾರು ಎಂಬುದೇ ಪ್ರತಿ ಚುನಾವಣೆಯ ಭಾಷಣ.

ರೀಲರ್ ಭಾಯಿಗೂ ಒಂದು ಮಾತು ಹೇಳಬೇಕಾಯಿತು. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ದೇಶಕ್ಕೇ ಹೆಸರಾದದ್ದು, ನೂಲು ಬಿಚ್ಚುವವರಲ್ಲಿ ಬಹುಪಾಲು ನಮ್ಮ ಸಮುದಾಯದವರು. ಗೂಡು ಬೇಯಿಸಿದ ನೀರು ಮನೆ ಮುಂದಿನ ಚರಂಡಿಗೆ, ಅಲ್ಲಿಂದ ಅರ್ಕಾವತಿಗೆ. ಬೆಂಗಳೂರಿನ ಕೊಳಚೆಯ ಮುಂದೆ ಇದು ಏನೂ ಅಲ್ಲ ಎಂದು ಅವರು ಹೇಳಿದರು. ಪ್ರಮಾಣದಲ್ಲಿ ಅವರ ಮಾತು ನಿಜ. ಆದರೆ ಬೆಂಗಳೂರಿನ ಮೇಲೆ ದೂರು ಬರೆದು ಸಹಿ ಹಾಕಲು ಜಮಾಅತಿನವರು ಹೋದರೆ, ಅಧಿಕಾರಿ ಮೊದಲು ತೋರಿಸುವುದು ಇದೇ ಚರಂಡಿಯನ್ನು. ರೀಲಿಂಗ್ ಕೇರಿಗಳಿಗೆ ಸೇರಿ ಒಂದು ಸಣ್ಣ ಸಂಸ್ಕರಣಾ ಘಟಕ ಕೇಳುವುದು, ಮಸೀದಿಯ ವುಝೂ ನೀರನ್ನು ಚರಂಡಿಗೆ ಬಿಡದೆ ಇಂಗು ಗುಂಡಿಗೆ ಇಳಿಸುವುದು, ಇವೆರಡು ಕೆಲಸಕ್ಕೆ ಯಾವ ಮಂತ್ರಿಯ ಉದ್ಘಾಟನೆಯೂ ಬೇಡ. ವುಝೂ ನೀರು ಮುಸ್ತಅಮಲ್, ಮತ್ತೆ ವುಝೂಗೆ ಆಗದು, ಭೂಮಿಗೆ ಆಗುತ್ತದೆ.

ಕನಕಪುರದ ಶಾಸಕರೇ ಈಗ ಕೆಲವು ವರ್ಷಗಳಿಂದ ರಾಜ್ಯದ ಜಲಸಂಪನ್ಮೂಲ ಖಾತೆ ನೋಡಿದವರು. ಅವರ ತಾಲೂಕಿನಲ್ಲೇ, ಸಂಗಮದಿಂದ ಕೆಲವು ಕಿಲೋಮೀಟರ್ ಕೆಳಗೆ, ಮೇಕೆದಾಟು ಅಣೆಕಟ್ಟು ಕಟ್ಟುವ ಯೋಜನೆ ಇದೆ. 67 ಟಿಎಂಸಿ ಹಿಡಿಯುವ ಜಲಾಶಯ ಅದು. ಕಟ್ಟಿದರೆ ವೃಷಭಾವತಿಯನ್ನು ಹೊತ್ತು ಬರುವ ಅರ್ಕಾವತಿ ಅಲ್ಲಿ ಬಂದು ನಿಲ್ಲುತ್ತದೆ. ಅದರಿಂದ ಬೆಂಗಳೂರಿಗೆ ಕುಡಿಯಲು 4.75 ಟಿಎಂಸಿ ಎತ್ತಬೇಕೆಂದು ಯೋಜನಾ ವರದಿಯಲ್ಲಿ ಬರೆದಿದ್ದಾರೆ.