ಪಕ್ಕಭಾರದ ಗಾಡಿ

ಎತ್ತಿನ ಗಾಡಿಗೆ ಮೂಟೆ ಹೇರುವವರಿಗೆ ಎರಡು ಭಯ. ತೂಕ ಮುಂದಕ್ಕೆ ಹೆಚ್ಚಾದರೆ ಮೂಕಿಭಾರ, ಎತ್ತಿನ ಹೆಗಲು ಕುಸಿಯುತ್ತದೆ. ಹಿಂದಕ್ಕೆ ಹೆಚ್ಚಾದರೆ ಹಿಂಭಾರ, ನೊಗವೇ ಮೇಲಕ್ಕೇಳುತ್ತದೆ. ಬೈಕಿಗೆ ಮನೆಯಲ್ಲೇ ಸೈಡ್‌ಕಾರ್ ಕಟ್ಟಲು ಹೊರಟವರಿಗೆ ಇವೆರಡರ ಜೊತೆ ಮೂರನೆಯದೂ ಗಂಟುಬೀಳುತ್ತದೆ. ಅದು ಪಕ್ಕಭಾರ. ಇದನ್ನು ಹಿಡಿತಕ್ಕೆ ತರುವುದೇ ಸೈಡ್‌ಕಾರ್ ಕಸುಬು. ಪೈಪು, ತಗಡು, ಸೀಟು, ಬಣ್ಣ ಎಲ್ಲ ಆಮೇಲಿನ ಮಾತು.

ಎಪ್ಪತ್ತು, ಎಂಬತ್ತರ ದಶಕದ ಊರುಗಳಲ್ಲಿ ಸೈಡ್‌ಕಾರ್ ಅಪರೂಪದ ವಸ್ತುವೇನಲ್ಲ. ಸ್ಕೂಟರಿನ ಎಡಕ್ಕೊಂದು ತೊಟ್ಟಿಲು, ಅದರಲ್ಲಿ ಮಕ್ಕಳು, ಹಿಂದಿನ ಸೀಟಿನಲ್ಲಿ ಹೆಂಡತಿ. ಇಡೀ ಸಂಸಾರ ಒಂದೇ ಎಂಜಿನ್ ಮೇಲೆ ಮದುವೆಗೆ ಹೋಗಿಬರುತ್ತಿತ್ತು. ಅಗ್ಗದ ಕಾರು ಬಂದಮೇಲೆ ತೊಟ್ಟಿಲು ಗುಜರಿ ಸೇರಿತು. ಈಗ ಹಳೆ ಬುಲೆಟ್, ಜಾವಾ, ಯೆಜ್ಡಿ ಮೋಹಿಗಳ ಕಣ್ಣು ಮತ್ತೆ ಅದರ ಮೇಲೆ ಬಿದ್ದಿದೆ. ಬೈಕಿನ ಹಿಂಬದಿ ಹತ್ತಲಾಗದ ವಯಸ್ಸಾದ ತಾಯಿಗೆ, ಸಾಕಿದ ನಾಯಿಗೆ ಒಂದು ಜಾಗ ಬೇಕೆನ್ನುವವರೂ ಇದ್ದಾರೆ.

ಕನ್ನಡನಾಡಿಗೆ ಸೈಡ್‌ಕಾರ್ ಜೊತೆ ಇನ್ನೊಂದು ನಂಟೂ ಇದೆ. ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣವಾಗಿ 1975ರಲ್ಲಿ ತೆರೆಕಂಡ ‘ಶೋಲೆ’ಯಲ್ಲಿ ಧರ್ಮೇಂದ್ರ, ಅಮಿತಾಭ್ ಏರಿದ್ದು 1942ರ ಬಿಎಸ್‌ಎ ಡಬ್ಲ್ಯುಎಂ20 ಬೈಕು. ಸ್ನೇಹದ ಹಾಡಿನ ನಡುವೆ ಸೈಡ್‌ಕಾರ್ ಕಳಚಿಕೊಂಡು ತನ್ನದೇ ದಾರಿ ಹಿಡಿದು, ಮತ್ತೆ ಬಂದು ಬೈಕಿಗೆ ಸೇರಿಕೊಳ್ಳುತ್ತದೆ. ನಿಜದ ರಸ್ತೆಯಲ್ಲಿ ಹಾಗೆ ಕಳಚಿಕೊಂಡದ್ದು ವಾಪಸ್ ಬರುವುದಿಲ್ಲ.

ಮನೆಯಲ್ಲಿ ಮಾಡುವುದು ಹುಚ್ಚಲ್ಲವೇ ಎನ್ನುವವರಿಗೆ ಒಂದು ಹಳೆಯ ಕಥೆ ಹೇಳಬೇಕು. ಇಂಗ್ಲೆಂಡಿನಲ್ಲಿ ಸೈಡ್‌ಕಾರ್‌ಗೆ ಪೇಟೆಂಟ್ ದೊರೆತದ್ದು 1903ರಲ್ಲಿ. ಕೆಲವೇ ವರ್ಷಗಳಲ್ಲಿ ಬರ್ಮಿಂಗ್‌ಹ್ಯಾಮ್‌ನ ಫ್ರೆಡ್ ವಾಟ್ಸನ್ ಎಂಬಾತನಿಗೆ ಒಂದು ತೊಡಕು ಎದುರಾಯಿತು: ಸೈಡ್‌ಕಾರ್ ಇದ್ದ ಬೈಕು ಅವನ ಮನೆಯ ಕಿರಿದಾದ ದಾರಿಯಲ್ಲಿ ತೂರುತ್ತಿರಲಿಲ್ಲ. ಅದಕ್ಕಾಗಿ ಮಡಚುವ ಸೈಡ್‌ಕಾರ್ ಕಟ್ಟಿದ. 1912ರಲ್ಲಿ ಅದರಿಂದಲೇ ವಾಟ್ಸೋನಿಯನ್ ಕಂಪನಿ ಹುಟ್ಟಿತು. ನಾವು ಕಲಿಯಬೇಕಾದ ಮೊದಲ ಪಾಠವೂ ಇದೇ. ಟೇಪು ಹಿಡಿದು ಮೊದಲು ಅಳೆಯಬೇಕಾದದ್ದು ಬೈಕನ್ನಲ್ಲ, ಮನೆಯ ಗೇಟನ್ನು. ಸೈಡ್‌ಕಾರ್ ಸೇರಿದ ಬೈಕಿಗೆ ಐದಡಿಗೂ ಮೀರಿದ ಅಗಲ ಬೇಕಾಗಬಹುದು.

ನಮ್ಮ ಕೋಲಾರ ಸೀಮೆಯಲ್ಲಿ ಈ ಕೆಲಸಕ್ಕೆ ಕೈಗಳ ಕೊರತೆಯಿಲ್ಲ. 2001ರಲ್ಲಿ ಮುಚ್ಚಿದ ಕೆಜಿಎಫ್ ಚಿನ್ನದ ಗಣಿ, 1964ರಲ್ಲಿ ಶುರುವಾದ ಬೆಮೆಲ್ ತಲೆಮಾರುಗಟ್ಟಲೆ ಫಿಟ್ಟರು, ಟರ್ನರುಗಳನ್ನು ತಯಾರು ಮಾಡಿದವು. ನರಸಾಪುರದಲ್ಲಿ 2013ರಿಂದ ಹೋಂಡಾ ಕಾರ್ಖಾನೆ ಸ್ಕೂಟರು, ಬೈಕು ಹೊರಬಿಡುತ್ತಿದೆ. ಟ್ರಾಕ್ಟರ್ ಟ್ರಾಲಿ, ಬೋರ್‌ವೆಲ್ ಪೈಪಿನ ಕೆಲಸದಲ್ಲೇ ಪಳಗಿದ ಲೇತ್ ಮತ್ತು ವೆಲ್ಡಿಂಗ್ ಅಂಗಡಿಗಳು ತಾಲ್ಲೂಕು ಪೇಟೆಗಳಲ್ಲಿವೆ. ಆದರೆ ಟ್ರಾಲಿ ಕಟ್ಟುವವರ ಕಣ್ಣಳತೆ ಇಲ್ಲಿಗೆ ಸಾಲದು. ಟ್ರಾಲಿ ಹಿಂದೆ ಬರುವಂಥದ್ದು, ಒಂದಿಂಚು ಆಚೀಚೆಯಾದರೂ ಎಳೆದುಕೊಂಡು ಬರುತ್ತದೆ. ಸೈಡ್‌ಕಾರ್ ಪಕ್ಕದಲ್ಲಿ ಬರುವಂಥದ್ದು. ಅರ್ಧ ಇಂಚು ತಪ್ಪಿದರೆ ಹ್ಯಾಂಡಲ್ ಹಿಡಿದ ತೋಳು ಮೂವತ್ತು ಕಿಲೋಮೀಟರಿಗೆ ಸೋತುಹೋಗುತ್ತದೆ.

ಸೈಡ್‌ಕಾರಿನ ಚಾಸಿಗೆ ಸಾಮಾನ್ಯವಾಗಿ ಒಂದೂವರೆ ಇಂಚಿನ ದಪ್ಪಗೋಡೆಯ ಉಕ್ಕಿನ ಪೈಪು. ಚಕ್ರಕ್ಕೆ ಒಂದು ತೂಗುತೋಳು (ಸ್ವಿಂಗ್ ಆರ್ಮ್), ಸ್ಕೂಟರಿನ ಶಾಕ್ ಅಬ್ಸಾರ್ಬರ್. ಚಾಸಿಯನ್ನು ಬೈಕಿಗೆ ನಾಲ್ಕು ಕಡೆ ಹಿಡಿಸಬೇಕು. ಕೆಳಗಿನ ಎರಡು ಹಿಡಿತ ಎಂಜಿನ್ನಿನ ಮುಂದಿನ ಪೈಪಿಗೆ ಮತ್ತು ಬೈಕಿನ ಸ್ವಿಂಗ್ ಆರ್ಮ್ ಹತ್ತಿರ. ಭಾರ ಹೊರುವವು ಇವು. ಮೇಲಿನ ಎರಡು ಟ್ಯಾಂಕಿನ ಕೆಳಗೆ ಮತ್ತು ಸೀಟಿನ ಕೆಳಗೆ. ಬೈಕು ಎಷ್ಟು ನೆಟ್ಟಗೆ ನಿಲ್ಲಬೇಕೆಂದು ತೀರ್ಮಾನಿಸುವವು ಇವು. ಹಳೆ ಬುಲೆಟ್‌ಗಳಲ್ಲಿ ಹಿಡಿತಕ್ಕೆ ಪೈಪು ಸಿಗುತ್ತದೆ. ಎಂಜಿನ್ನೇ ಚಾಸಿಯ ಭಾಗವಾಗಿರುವ ಈಗಿನ ಎಷ್ಟೋ ಬೈಕುಗಳಲ್ಲಿ ಕೆಳಗೆ ಪೈಪೇ ಇಲ್ಲ. ಅವಕ್ಕೆ ಮೊದಲು ಇನ್ನೊಂದು ಒಳಚೌಕಟ್ಟು ಮಾಡಬೇಕು. ಬೈಕಿನ ಚಾಸಿಗೆ ನೇರವಾಗಿ ವೆಲ್ಡಿಂಗ್ ಹೊಡೆಯುವುದು ಮಾತ್ರ ಎಂದಿಗೂ ಸಲ್ಲದು. ಕಾದ ಜಾಗದ ಪೈಪು ಬಲ ಕಳೆದುಕೊಂಡು ಮುಂದೊಂದು ದಿನ ಬಿರುಕು ಬಿಡಬಹುದು. ಕ್ಲಾಂಪು, ಗಟ್ಟಿ ಬೋಲ್ಟು, ಬಿಚ್ಚಿಕೊಳ್ಳದ ಲಾಕ್ ನಟ್ಟುಗಳಲ್ಲೇ ಕೆಲಸ ಮುಗಿಯಬೇಕು.

ಇನ್ನು ಅಳತೆ. ಇದಕ್ಕೆ ಬೇಕಾದ ಸಾಮಾನು ಗಾರೆ ಕೆಲಸದವರ ಚೀಲದಲ್ಲೇ ಇದೆ: ರಸಮಟ್ಟ, ದಾರ, ತೂಗುಗುಂಡು, ಟೇಪು, ಜೊತೆಗೆ ಎರಡು ನೇರವಾದ ಉದ್ದ ಚೌಕ ಪೈಪುಗಳು. ರಸಮಟ್ಟ ಇಟ್ಟು ಪರೀಕ್ಷಿಸಿದ ಸಿಮೆಂಟು ನೆಲದ ಮೇಲೆ ಬೈಕು ನಿಲ್ಲಿಸಿ, ಒಂದು ಪೈಪನ್ನು ಬೈಕಿನ ಎರಡೂ ಚಕ್ರಗಳ ಪಕ್ಕಕ್ಕೆ ಇಡಬೇಕು. ಮುಂದಿನ ಟೈರು ಸಪೂರ. ಅದರ ಎರಡು ಅಂಚಿಗೂ ಪೈಪಿಗೂ ಒಂದೇ ಅಂತರ ಬರುವ ತನಕ ಹ್ಯಾಂಡಲ್ ಸರಿಮಾಡಬೇಕು. ಇನ್ನೊಂದು ಪೈಪು ಸೈಡ್‌ಕಾರ್ ಚಕ್ರದ ಪಕ್ಕಕ್ಕೆ. ಈಗ ಎರಡು ಪೈಪುಗಳ ನಡುವಿನ ಅಂತರವನ್ನು ಬೈಕಿನ ಹಿಂದಿನ ಚಕ್ರದ ಹತ್ತಿರ ಒಮ್ಮೆ, ಮುಂದಿನ ಚಕ್ರದ ಹತ್ತಿರ ಒಮ್ಮೆ ಅಳೆಯಬೇಕು. ಮುಂದಿನ ಅಳತೆ ಅರ್ಧದಿಂದ ಮುಕ್ಕಾಲು ಇಂಚು ಕಡಿಮೆ ಬರಬೇಕು. ಅಂದರೆ ಸೈಡ್‌ಕಾರ್ ಚಕ್ರ ಬೈಕಿನ ಕಡೆಗೆ ತುಸು ಮುಖ ತಿರುಗಿಸಿರಬೇಕು. ಪಕ್ಕಭಾರ ಗಾಡಿಯನ್ನು ಎಡಕ್ಕೆ ಎಳೆಯುತ್ತಿರುತ್ತದೆ, ಈ ತಿರುವು ಅದನ್ನು ಬಲಕ್ಕೆ ತಳ್ಳುತ್ತದೆ. ಅತಿಯಾದರೆ ಟೈರು ಅಳಿಸುವ ರಬ್ಬರಿನಂತೆ ಉಜ್ಜಿಕೊಂಡು ಸವೆಯುತ್ತದೆ.

ಎರಡನೆಯ ಅಳತೆ, ಸೈಡ್‌ಕಾರ್ ಚಕ್ರ ಬೈಕಿನ ಹಿಂದಿನ ಚಕ್ರದ ಸಾಲಿಗಿಂತ ಎಷ್ಟು ಮುಂದಿರಬೇಕೆಂಬುದು. ಆರರಿಂದ ಹತ್ತು ಇಂಚು ವಾಡಿಕೆ. ಮೂರನೆಯದು ವಾಲು. ತೊಟ್ಟಿಲು ಖಾಲಿ ಇದ್ದಾಗ ಬೈಕು ಒಂದೆರಡು ಡಿಗ್ರಿ ಬಲಕ್ಕೆ ವಾಲಿರಬೇಕು. ನಮ್ಮ ರಸ್ತೆಗಳು ಎಡಕ್ಕೆ ಇಳಿಜಾರು. ಜನ ಕೂತು ರಸ್ತೆಗಿಳಿದಾಗ ಬೈಕು ತಾನಾಗಿ ನೆಟ್ಟಗಾಗುತ್ತದೆ. ಮೂರೂ ಅಳತೆ ಹೊಂದಿದ ಮೇಲೆ ಸೈಡ್‌ಕಾರಿನ ಚಾಸಿಗೆ ಮೊದಲು ಅಲ್ಲಲ್ಲಿ ಚುಕ್ಕಿ ವೆಲ್ಡಿಂಗ್, ಮತ್ತೆ ಅಳತೆ, ಆಮೇಲೆ ಪೂರ್ತಿ ವೆಲ್ಡಿಂಗ್, ಮತ್ತೊಮ್ಮೆ ಅಳತೆ. ಕಾದ ಪೈಪು ಆರುವಾಗ ತನಗೆ ಬೇಕಾದ ಕಡೆ ಎಳೆದುಕೊಳ್ಳುತ್ತದೆ. ಅವಸರದವರು ಸೋಲುವುದು ಇಲ್ಲೇ.

ಗಾಡಿ ಸಿದ್ಧವಾದರೂ ಓಡಿಸುವವರು ಸಿದ್ಧರಾಗಿರುವುದಿಲ್ಲ. ಬೈಕು ವಾಲಿಸಿ ತಿರುಗಿಸುವ ಅಭ್ಯಾಸ ಇಲ್ಲಿ ನಡೆಯದು; ಹ್ಯಾಂಡಲನ್ನು ಎರಡು ಕೈಯಿಂದ ಎಳೆದು ತಿರುಗಿಸಬೇಕು. ಎಕ್ಸಲೇಟರ್ ಕೊಟ್ಟರೆ ಎಡಕ್ಕೆ ಎಳೆಯುತ್ತದೆ, ಬ್ರೇಕ್ ಹಿಡಿದರೆ ಬಲಕ್ಕೆ. ಎಡ ತಿರುವಿನಲ್ಲಿ ವೇಗ ಹೆಚ್ಚಾದರೆ ಖಾಲಿ ತೊಟ್ಟಿಲು ನೆಲ ಬಿಟ್ಟು ಮೇಲೇಳುತ್ತದೆ. ಹಾಗಾಗಿ ಕಲಿಯುವ ದಿನಗಳಲ್ಲಿ ತೊಟ್ಟಿಲಿನಲ್ಲಿ ಮೂವತ್ತು, ನಲವತ್ತು ಕಿಲೋ ಭಾರ ಇರಲೇಬೇಕು. ನಮ್ಮ ಕಡೆ ಅದಕ್ಕೇನು ಬರವೇ? ಕೋಲಾರ ಮಾರುಕಟ್ಟೆಯ ಟೊಮೆಟೊ ಕ್ರೇಟು ಒಂದಕ್ಕೆ 15 ಕಿಲೋ, ಎರಡು ಇಟ್ಟರೆ ಆಯಿತು. ಬ್ರೇಕಿಗೆ ಜಾರಿ ಜಜ್ಜಿಹೋಗುತ್ತದೆ ಎನ್ನುವವರು ಮಾಲೂರಿನ ಹತ್ತು ಹನ್ನೆರಡು ಇಟ್ಟಿಗೆ ಹೊಂದಿಸಿ ಹಗ್ಗ ಬಿಗಿಯಬಹುದು. ಮೊದಲು ಖಾಲಿ ಮೈದಾನ, ಆಮೇಲೆ ಶ್ರೀನಿವಾಸಪುರದ ಮಾವಿನ ತೋಪುಗಳ ನಡುವಿನ ಹಳ್ಳಿ ರಸ್ತೆ. ಮುಳಬಾಗಿಲಿಗೆ ಹೋಗಿ ತುಪ್ಪದ ದೋಸೆ ತಿಂದುಬರುವ ಆಸೆ ಎಲ್ಲರಿಗೂ ಇರುತ್ತದೆ. ಆದರೆ ಲಾರಿಗಳು ನುಗ್ಗುವ ರಾಷ್ಟ್ರೀಯ ಹೆದ್ದಾರಿ 75 ಕಲಿಯುವ ಜಾಗವಲ್ಲ.

ಇಷ್ಟೆಲ್ಲ ಆದರೂ ಕಾಗದ ಇಲ್ಲದಿದ್ದರೆ ಗಾಡಿ ಅಂಗಳದ ಬೊಂಬೆಯೇ. 1988ರ ಮೋಟಾರು ವಾಹನ ಕಾಯ್ದೆ ಮೋಟಾರ್ ಸೈಕಲ್ ಎಂದರೇನೆಂದು ಹೇಳುವಾಗಲೇ, ಕಳಚಿ ತೆಗೆಯಬಹುದಾದ ಹೆಚ್ಚುವರಿ ಚಕ್ರದ ಸೈಡ್‌ಕಾರನ್ನೂ ಅದರೊಳಗೆ ಸೇರಿಸಿದೆ. ಬೈಕಿಗೆ ವೆಲ್ಡಿಂಗ್ ಬೇಡ, ಬೋಲ್ಟು ಸಾಕು ಎಂಬ ಕಸುಬಿನ ಮಾತೂ ಕಾಯ್ದೆಯ ಮಾತೂ ಇಲ್ಲಿ ಒಂದೇ. ಹಾಗೆಂದು ಮನಸ್ಸಿಗೆ ಬಂದಂತೆ ಕಟ್ಟಬಹುದೆಂದಲ್ಲ. ಅದೇ ಕಾಯ್ದೆಯ 52ನೇ ಕಲಂ ಆರ್‌ಸಿಯಲ್ಲಿನ ವಿವರ ಬದಲಾಗುವಂಥ ಮಾರ್ಪಾಡಿಗೆ ಕಡಿವಾಣ ಹಾಕುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ತಯಾರಕರ ಮೂಲ ವಿವರ ಬದಲಿಸುವಂತಿಲ್ಲ ಎಂದಿದೆ. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆಯೂ ಆಗಬಹುದು. ಅಂಗವಿಕಲರ ಅನುಕೂಲಕ್ಕೆ ಗಾಡಿ ಹೊಂದಿಸಿಕೊಳ್ಳುವುದಕ್ಕೆ ಮಾತ್ರ ಕಾಯ್ದೆಯಲ್ಲಿ ಬೇರೆ ದಾರಿ ಇದೆ. ಆದ್ದರಿಂದ ಪೈಪು ಕೊಳ್ಳುವ ಮುಂಚೆ ನಿಮ್ಮ ಆರ್‌ಟಿಒ ಕಚೇರಿಗೆ, ಕೆಎ-07 ಆಗಲಿ ಕೆಎ-08 ಆಗಲಿ, ನಕ್ಷೆ ಹಿಡಿದು ಹೋಗಿ. ಆರ್‌ಸಿಯಲ್ಲಿ ಸೈಡ್‌ಕಾರ್ ಎಂದು ನಮೂದಾಗುತ್ತದೆಯೇ, ಅದಕ್ಕೆ ಏನೇನು ಬೇಕು ಎಂದು ಕೇಳಿ. ವಿಮಾ ಕಂಪನಿಗೂ ತಿಳಿಸಿ. ಆಗದು ಎಂದರೆ ಅಲ್ಲಿಗೇ ಬಿಡಿ.

ಕೊನೆಯದಾಗಿ ತೊಟ್ಟಿಲಿನಲ್ಲಿ ಕೂರುವವರ ಮಾತು. ಅವರ ಕೈಗೆ ಹ್ಯಾಂಡಲ್ ಇಲ್ಲ, ಕಾಲಿಗೆ ಬ್ರೇಕ್ ಇಲ್ಲ. ನಿಮ್ಮ ಅಳತೆಯ ಮೇಲಿನ ನಂಬಿಕೆಯೊಂದೇ ಅವರಿಗೆ ಆಸರೆ. ಕಾರಿನಂತೆ ಕೂತಿದ್ದೇವೆ, ಹೆಲ್ಮೆಟ್ ಯಾಕೆ ಎಂದು ಅವರು ಕೇಳಬಹುದು. ಮೋಟಾರ್ ಸೈಕಲ್ ಓಡಿಸುವ, ಏರುವ, ಅದರಲ್ಲಿ ಒಯ್ಯಲಾಗುವ ನಾಲ್ಕು ವರ್ಷ ಮೀರಿದ ಎಲ್ಲರಿಗೂ ಹೆಲ್ಮೆಟ್ ಕಡ್ಡಾಯ ಎನ್ನುತ್ತದೆ ಕಾಯ್ದೆ. ಕಾನೂನಿನ ಕಣ್ಣಿಗೆ ಸೈಡ್‌ಕಾರ್ ಕಾರಲ್ಲ, ಬೈಕೇ.